ಕ್ಲೆಮ್ಯಾಟಿಸ್ ಬಳ್ಳಿ ಪೂರ್ತಿ ಕತ್ತರಿಸ್ಬೇಕಾ, ಮುಟ್ಟದೇ ಬಿಡ್ಬೇಕಾ?

ರೀಡಿಂಗ್‌ಕನ್ನಡತಿ:

ಎಲ್ರಿಗೂ ನಮಸ್ಕಾರ. ಹೋದ ವರ್ಷ ಏಪ್ರಿಲ್‌ನಲ್ಲಿ ಈ ಮನೆಗೆ ಬಂದ್ವಿ, ಇಂಗ್ಲೆಂಡ್‌ನ ರೀಡಿಂಗ್‌ನಲ್ಲಿ, ಹಿಂದುಗಡೆ ಸಣ್ಣ ಗಾರ್ಡನ್ ಇದೆ, ಮುಂಚೆ ಇದ್ದವರು ಮೂರು ಕ್ಲೆಮ್ಯಾಟಿಸ್ ಬಳ್ಳಿ ನೆಟ್ಟು ಹೋಗಿದಾರೆ ಆದ್ರೆ ಒಂದಕ್ಕೂ ಲೇಬಲ್ ಇಲ್ಲ. ಒಂದು ಶೆಡ್ ಮೇಲೆಲ್ಲ ಹಬ್ಬಿದೆ, ಮೇ ತಿಂಗಳಲ್ಲಿ ಎಲೆ ಕಾಣದಷ್ಟು ಸಣ್ಣ ತಿಳಿ ಗುಲಾಬಿ ಹೂ ಬಿಡ್ತು, ನಾಲ್ಕೇ ಎಸಳು. ಎರಡನೇದು ಅಡುಗೆಮನೆ ಬಾಗಿಲ ಪಕ್ಕದ ಗೋಡೆಗೆ, ಅಂಗೈಗಿಂತ ಅಗಲದ ಹೂ, ತಿಳಿ ಗುಲಾಬಿ ಎಸಳಿನ ಮಧ್ಯ ಉದ್ದಕ್ಕೆ ಗಾಢ ಪಟ್ಟೆ, ಮೇ ಕೊನೆಗೆ ಬಂತು, ಆಮೇಲೆ ಸೆಪ್ಟೆಂಬರ್‌ನಲ್ಲಿ ಒಂದಷ್ಟು. ಮೂರನೇದು ಪರ್ಗೋಲಾದ (ಚಪ್ಪರದ ಥರ ಇರೋ ಚೌಕಟ್ಟು) ಮರದ ಕಂಬಕ್ಕೆ, ನೇರಳೆ ಹೂ, ಜುಲೈನಲ್ಲಿ ಶುರುವಾಗಿದ್ದು. ಇದೇ ನನಗೆ ತಲೆನೋವು. ಕೆಳಗೆ ನನ್ನೆತ್ತರದವರೆಗೂ ಬರೀ ಒಣಕಲು ಕಂದು ಕಡ್ಡಿ, ಹೂವೆಲ್ಲ ಮಹಡಿ ಕಿಟಕಿ ಹತ್ರ. ಗಾಳಿ ಬಂದ್ರೆ ಇಡೀ ಬಳ್ಳಿ ಕಂಬದಿಂದ ಜಾರಿ ನೆಲಕ್ಕೆ ಬರುತ್ತೆ, ಕಟ್ಟಿದ್ರೂ ನಿಲ್ಲಲ್ಲ.

ಪಕ್ಕದ ಮನೆ ಅಜ್ಜ ಫೆಬ್ರವರಿ ಬಂತು, ಎಲ್ಲಾನೂ ಮೊಣಕಾಲೆತ್ತರಕ್ಕೆ ಕತ್ತರಿಸಿಬಿಡು ಅಂತಾರೆ. ಆಫೀಸಲ್ಲಿ ಒಬ್ರು ಕ್ಲೆಮ್ಯಾಟಿಸ್‌ಗೆ ಕತ್ತರಿ ಹಾಕಿದ್ರೆ ಆ ವರ್ಷ ಹೂವೇ ಇಲ್ಲ ಅಂತಾರೆ. ಯಾರ ಮಾತು ಕೇಳ್ಲಿ? ಮೇ ಕೊನೆಗೆ ತೀರ್ಥಹಳ್ಳಿಯಿಂದ ಅಮ್ಮ ಬರ್ತಿದಾರೆ, ಆಗಸ್ಟ್ ತನಕ ಇರ್ತಾರೆ, ಅವ್ರಿಗೆ ಕುತ್ತಿಗೆ ನೋವು, ಮೇಲೆ ನೋಡ್ಕೊಂಡು ನಿಲ್ಲಕ್ಕಾಗಲ್ಲ, ಕಣ್ಣಿನ ಮಟ್ಟದಲ್ಲಿ ಹೂ ಬರೋ ಹಾಗೆ ಮಾಡಕ್ಕಾಗುತ್ತಾ?

ಲೀಡ್ಸ್‌ಹಿತ್ತಲು:

ಇಬ್ರೂ ಹೇಳಿದ್ದು ಸರಿನೇ, ಆದ್ರೆ ಬೇರೆಬೇರೆ ಬಳ್ಳಿಗೆ. ಕ್ಲೆಮ್ಯಾಟಿಸ್ ಅಂದ್ರೆ ಒಂದು ಗಿಡ ಅಲ್ಲ, ನೂರಾರು ಇವೆ, ಅದಕ್ಕೆ ಇಲ್ಲಿ ಆರ್‌ಎಚ್‌ಎಸ್‌ನವರು, ಅಂದ್ರೆ ಬ್ರಿಟನ್‌ನ ತೋಟಗಾರಿಕೆ ಸಂಸ್ಥೆಯವರು, ಪ್ರೂನಿಂಗ್ (ಬಳ್ಳಿ ಕತ್ತರಿಸೋ) ಲೆಕ್ಕದಲ್ಲಿ ಮೂರು ಗುಂಪು ಮಾಡಿದಾರೆ, ನರ್ಸರಿ ಲೇಬಲ್‌ನಲ್ಲೂ 1, 2, 3 ಅಂತ ಬರೆದಿರುತ್ತೆ. ಲೇಬಲ್ ಇಲ್ದಿದ್ರೆ ಹೂ ಬಿಡೋ ತಿಂಗಳೇ ಲೇಬಲ್. ನೀವು ತಿಂಗಳು ನೆನಪಿಟ್ಟು ಬರ್ದಿದ್ದು ತುಂಬ ಒಳ್ಳೇದಾಯ್ತು, ಮೂರಕ್ಕೂ ಉತ್ತರ ಅದ್ರಲ್ಲೇ ಇದೆ.

ಜೂನ್ ಮುಗಿಯೋದ್ರೊಳಗೆ ಹೂ ಬಿಡೋದು ಹೋದ ವರ್ಷ ಬೆಳೆದ ಕಡ್ಡಿ ಮೇಲೆ. ಅಂದ್ರೆ ಈಗ ಒಣಗಿದ ಹಾಗೆ ಕಾಣ್ತಿರೋ ಆ ಕಡ್ಡಿಯಲ್ಲೇ ಮೇ ತಿಂಗಳ ಹೂ ಕೂತಿದೆ, ಈಗ ಕತ್ತರಿಸಿದ್ರೆ ಅದನ್ನೇ ಕತ್ತರಿಸಿದ ಹಾಗೆ. ಜುಲೈಯಿಂದ ಈಚೆ ಬಿಡೋದು ಈ ವರ್ಷ ಹೊಸದಾಗಿ ಚಿಗುರೋ ಕಡ್ಡಿ ತುದಿಯಲ್ಲಿ, ಅದನ್ನ ಫೆಬ್ರವರಿಯಲ್ಲಿ ಎಷ್ಟು ಕತ್ತರಿಸಿದ್ರೂ ಹೂವಿಗೆ ನಷ್ಟ ಇಲ್ಲ.

ನಿಮ್ಮ ಶೆಡ್ ಮೇಲಿರೋದು ಮೊಂಟಾನಾ, ಗುಂಪು 1. ಇದು ಹಿಮಾಲಯದ ಬಳ್ಳಿ, ಲೇಡಿ ಆಮ್ಹರ್ಸ್ಟ್ ಅನ್ನೋರು 1831ರಲ್ಲಿ ಬ್ರಿಟನ್‌ಗೆ ತಂದಿದ್ದು. ಮನಸ್ಸು ಮಾಡಿದ್ರೆ 8ರಿಂದ 10 ಮೀಟರ್ ಹೋಗುತ್ತೆ. ಈಗ ಮುಟ್ಟಲೇಬೇಡಿ. ಜಾಸ್ತಿ ಆಯ್ತು ಅನ್ಸಿದ್ರೆ ಹೂ ಮುಗಿದ ತಕ್ಷಣ, ಜೂನ್ ಶುರುನಲ್ಲಿ, ಹೊರಗೆ ಚಾಚಿದ್ದನ್ನಷ್ಟೇ ಸವರಿ. ಬುಡದ ದಪ್ಪ ಹಳೇ ಕಾಂಡದವರೆಗೂ ಹೋಗ್ಬೇಡಿ, ಮೊಂಟಾನಾ ಅಲ್ಲಿಂದ ಮತ್ತೆ ಚಿಗುರದೇ ಸತ್ತೇ ಹೋಗಬಹುದು.

ಬಾಗಿಲ ಪಕ್ಕದ್ದು ನೀವು ಹೇಳೋ ಪಟ್ಟೆ ನೋಡಿದ್ರೆ ನೆಲ್ಲಿ ಮೋಸರ್ ಇರ್ಬೇಕು, 1897ರ ಹಳೇ ಫ್ರೆಂಚ್ ತಳಿ, ಬೇರೆ ಪಟ್ಟೆ ತಳಿನೂ ಇವೆ ಆದ್ರೆ ಗುಂಪು ಒಂದೇ, 2. ಮೊದಲ ಸುತ್ತು ಹಳೇ ಕಡ್ಡಿ ಮೇಲೆ, ಸೆಪ್ಟೆಂಬರ್‌ದು ಹೊಸ ಕಡ್ಡಿ ಮೇಲೆ. ಇದಕ್ಕೆ ಕೈ ಹಗುರ ಇರ್ಬೇಕು. ಒಂದೊಂದೇ ಕಡ್ಡಿನ ತುದಿಯಿಂದ ಕೆಳಗೆ ನೋಡ್ತಾ ಬನ್ನಿ. ಮೇಲೆ ಒಂದಷ್ಟು ದೂರ ಗೆಣ್ಣಲ್ಲಿ ಏನೂ ಇರಲ್ಲ, ಇಲ್ಲಾ ಕಪ್ಪಗೆ ಒಣಗಿದ ಚುಕ್ಕೆ ಇರುತ್ತೆ, ಉಗುರಲ್ಲಿ ಒತ್ತಿದ್ರೆ ಪುಡಿ. ಇನ್ನೂ ಕೆಳಗೆ ಬಂದ್ರೆ ಒಂದು ಗೆಣ್ಣಲ್ಲಿ ಎದುರುಬದುರು ಎರಡು ದಪ್ಪ ಮೊಗ್ಗು, ಹಸಿರು ಇಣುಕ್ತಿರುತ್ತೆ, ಮೇಲೆ ಸಣ್ಣ ಬೂದು ಕೂದಲು ಥರ ಇರುತ್ತೆ. ಆ ಜೋಡಿಯ ಸ್ವಲ್ಪ ಮೇಲೆ ಕತ್ತರಿಸಿ, ಅಷ್ಟೇ, ಅಲ್ಲಿಂದ ಕೆಳಗೆ ಎಲ್ಲ ಹಾಗೇ ಬಿಡಿ. ಪೂರ್ತಿ ಸತ್ತ ಕಡ್ಡಿ ಇದ್ರೆ ಬುಡದಲ್ಲಿ ತೆಗೀರಿ.

ನೇರಳೆದು ಗುಂಪು 3. ಜಾಕ್‌ಮನೀ ಇರಬಹುದು, ನಿಮ್ಮಿಂದ ಅಷ್ಟೇನೂ ದೂರ ಇಲ್ದಿರೋ ವೋಕಿಂಗ್‌ನ ಜಾಕ್‌ಮನ್ ನರ್ಸರಿಯವರು 1860ರ ದಶಕದಲ್ಲಿ ಬಿಟ್ಟ ತಳಿ ಅದು, ಈಗ್ಲೂ ಇಲ್ಲಿ ಎಷ್ಟೋ ಮನೆ ಮುಂದೆ ಸಿಗುತ್ತೆ. ಇದಕ್ಕೇ ಅಜ್ಜ ಹೇಳಿದ್ದು ಸರಿ. ನೆಲದಿಂದ 30 ಸೆಂಟಿಮೀಟರ್ ಹತ್ರ ಒಳ್ಳೇ ಮೊಗ್ಗಿನ ಜೋಡಿ ನೋಡಿ ಅದರ ಮೇಲೆ ಕತ್ತರಿಸಿ, ಎಲ್ಲಾ ಕಡ್ಡಿನೂ. ಕತ್ತರಿಸದೇ ಬಿಟ್ಟಾಗ ಏನಾಗುತ್ತೆ ಅಂದ್ರೆ ಪ್ರತಿ ವರ್ಷ ಹೊಸ ಚಿಗುರು ಹೋದ ವರ್ಷ ನಿಂತಲ್ಲಿಂದ ಶುರುವಾಗುತ್ತೆ, ಹಂಗೇ ಮೇಲೆ ಮೇಲೆ ಹೋಗಿ ನಿಮ್ಮ ಮಹಡಿ ಕಿಟಕಿಗೆ ಮುಟ್ಟಿದೆ, ಕೆಳಗೆ ಬೋಳು. ನಿಮ್ಮ ತಾಯಿ ಬಂದಾಗ ಮೊದಲು ಬಾಗಿಲ ಪಕ್ಕದ್ದು, ಜುಲೈಗೆ ಇದು.

ಚಾಟ್ನಿಸೀಸನ್_ವಿಜಯಪುರ:

ಅಕ್ಕಾರ, ನಾ ಕ್ಲೆಮ್ಯಾಟಿಸ್ ಬೆಳ್ದಿಲ್ರಿ, ಆದ್ರ ನಮ್ಮ ಮನ್ಯಾಗ ದ್ರಾಕ್ಷಿ ತೋಟ ಐತಿ, ಮ್ಯಾಲಿನವರು ಹೇಳಿದ್ದು ಓದಿ ನಮ್ಮ ಲೆಕ್ಕಾನ ಅನಸ್ತು. ನಮ್ಮ ಕಡೆ ವರ್ಷಕ್ಕ ಎರಡು ಸಲ ಚಾಟ್ನಿ, ಅಂದ್ರ ಬಳ್ಳಿ ಕಡಿಯೂದು, ಮಾಡ್ತಾರ. ಏಪ್ರಿಲ್ ಚಾಟ್ನಿ ಕಡ್ಡಿ ಮಾಡಾಕ, ಅಕ್ಟೋಬರ್ ಚಾಟ್ನಿ ಹಣ್ಣಿಗೆ. ಏಪ್ರಿಲ್‌ನ್ಯಾಗ ಮೋಟ ಕಡದು ಬಿಡ್ತೀವಿ, ಅದರಿಂದ ಬರೋ ಹೊಸ ಕಡ್ಡಿಯೊಳಗ ಬ್ಯಾಸಗಿ ಬಿಸಿಲಿಗೆ ಕಣ್ಣು ತಯಾರಾಕ್ಕಾವು, ಅಕ್ಟೋಬರ್‌ನ್ಯಾಗ ಆ ಕಣ್ಣು ಎಷ್ಟನೇ ಗಣಕಿಗೆ ಐತಿ ನೋಡಿ ಅದರ ಮ್ಯಾಲ ಕಡೀತೀವಿ. ಯಾರರ ಅಕ್ಟೋಬರ್‌ನ್ಯಾಗ ಏಪ್ರಿಲ್ ಹಂಗ ಮೋಟ ಕಡದ್ರು ಅಂದ್ರ ಆ ವರ್ಷ ಬರೇ ಎಲಿ. ನಿಮ್ಮ ಒಂದು ಎರಡನೇ ನಂಬರ್ ಬಳ್ಳಿಗೂ ಇದೇ ಆಗೂದು. ಕತ್ರಿ ಹಿಡಿಯೂಕಿಂತ ಮದಲ ಕಣ್ಣು ಎಲ್ಲಿ ಕುಂತೈತಿ ಅನ್ನೋದು ನೋಡ್ಬೇಕ್ರಿ, ತಾರೀಖು ಆಮ್ಯಾಲ. ಇನ್ನೊಂದ, ಕತ್ರಿ ಚೂಪು ಇರ್ಲಿ, ಜಜ್ಜಿದಂಗ ಕಡದ್ರ ತುದಿ ಒಣಕ್ಕೋಂತ ಕೆಳಗ ಬರ್ತೈತಿ.

ರೀಡಿಂಗ್‌ಕನ್ನಡತಿ:

ಇಬ್ರಿಗೂ ತುಂಬಾ ಥ್ಯಾಂಕ್ಸ್, ಎಷ್ಟು ಬಿಡಿಸಿ ಹೇಳಿದೀರಿ. ಈಗಷ್ಟೇ ಹೊರಗೆ ಹೋಗಿ ನೋಡ್ಕೊಂಡು ಬಂದೆ. ಬಾಗಿಲ ಪಕ್ಕದ್ರಲ್ಲಿ ಆ ಜೋಡಿ ಮೊಗ್ಗು ಕಾಣ್ತು, ನನ್ನ ಸೊಂಟದೆತ್ತರದಿಂದಲೇ ಶುರುವಾಗಿದೆ. ನೇರಳೆದ್ರಲ್ಲಿ ಮಾತ್ರ ಬುಡದ ಹತ್ರ ಬೆರಳು ದಪ್ಪದ ಕಾಂಡ, ತೊಗಟೆ ನಾರುನಾರಾಗಿ ಸುಲ್ಕೊಂಡು ಬರ್ತಿದೆ, 30 ಸೆಂಟಿಮೀಟರ್ ಹತ್ರ ಮೊಗ್ಗೇ ಇಲ್ಲ, ಮೊದಲ ಮೊಗ್ಗು ಎದೆಮಟ್ಟದಲ್ಲಿದೆ. ಆದ್ರೂ ಕತ್ತರಿಸ್ಬಹುದಾ? ಆಮೇಲೆ ಕಂಬದ ವಿಷಯ ಯಾರೂ ಹೇಳ್ಲಿಲ್ಲ, 10 ಸೆಂಟಿಮೀಟರ್ ಚೌಕದ ಕಂಬ, ನುಣ್ಣಗಿದೆ.

ಲೀಡ್ಸ್‌ಹಿತ್ತಲು:

ತೊಗಟೆ ಸುಲಿಯೋದು ಕಾಯಿಲೆ ಅಲ್ಲ, ಹಳೇ ಕ್ಲೆಮ್ಯಾಟಿಸ್ ಕಾಂಡ ಇರೋದೇ ಹಾಗೆ. ಗುಂಪು 3ರ ಬಳ್ಳಿ ಸಾಮಾನ್ಯವಾಗಿ ಮಣ್ಣೊಳಗಿನ ಬುಡದಿಂದಲೇ ಹೊಸ ಕುಡಿ ಹಾಕುತ್ತೆ, ಆದ್ರೂ ಹಲವು ವರ್ಷ ಕತ್ತರಿ ಕಾಣದ ಬಳ್ಳಿ ಅಂದ್ಮೇಲೆ ನಾನಾದ್ರೆ ಎರಡು ಕಂತಲ್ಲಿ ಮಾಡ್ತೀನಿ. ಈ ಸಲ ಅರ್ಧ ಕಾಂಡ 30 ಸೆಂಟಿಮೀಟರ್‌ಗೆ, ಉಳಿದರ್ಧ ಎದೆಮಟ್ಟದ ಮೊಗ್ಗಿನ ಮೇಲೆ. ಕೆಳಗಿಂದ ಕುಡಿ ಬಂತು ಅಂದ್ರೆ ಮುಂದಿನ ಫೆಬ್ರವರಿಗೆ ಉಳಿದಿದ್ದೂ ಕೆಳಗೆ. ಹೇಗೂ ಎದೆಮಟ್ಟದಲ್ಲಿ ಕತ್ತರಿಸಿದ್ದಕ್ಕೆ ನಿಮಗೆ ಬೇಕಾದ ಎತ್ತರದ ಹತ್ರಾನೇ ಹೂ ಸಿಗುತ್ತೆ.

ಬುಡಕ್ಕೆ ಒಂದು ಮಂಕರಿ ಕಾಂಪೋಸ್ಟ್ ಹಾಕಿ, ಕಾಂಡಕ್ಕೆ ತಾಗದ ಹಾಗೆ. ಬೇರು ತಂಪಾಗಿರ್ಬೇಕು, ತಲೆ ಬಿಸಿಲಲ್ಲಿರ್ಬೇಕು, ಬುಡದ ದಕ್ಷಿಣಕ್ಕೆ ಒಂದು ಗಿಡ್ಡ ಗಿಡ ನೆಟ್ರೂ ಸಾಕು ನೆರಳಿಗೆ. ಏಪ್ರಿಲ್‌ನಿಂದ ಟೊಮ್ಯಾಟೊ ಫೀಡ್ (ಟೊಮ್ಯಾಟೊ ಗಿಡಕ್ಕೆ ಹಾಕೋ ಗೊಬ್ಬರ) ಎರಡು ವಾರಕ್ಕೊಮ್ಮೆ ಕೊಡಿ, ಅದ್ರಲ್ಲಿ ಪೊಟ್ಯಾಷ್ ಜಾಸ್ತಿ, ಮೊಗ್ಗು ಅರಳೋಕೆ ಶುರುವಾದ್ಮೇಲೆ ನಿಲ್ಲಿಸಿ. ಲಾನ್ ಗೊಬ್ಬರ ಹತ್ರ ತರ್ಬೇಡಿ, ನೈಟ್ರೋಜನ್‌ಗೆ ಬರೀ ಎಲೆ.

ಎಡಿನ್‌ಬರಾಭಟ್ರು:

ಕಂಬದ ವಿಷಯ ನಾನು ಹೇಳ್ತೆ. ಜನ ಪ್ರೂನಿಂಗ್ ಬಗ್ಗೆ ಎಷ್ಟು ತಲೆ ಕೆಡಿಸ್ಕೊಳ್ತಾರೋ ಅದರ ಕಾಲುಭಾಗನೂ ಆಸರೆ ಬಗ್ಗೆ ಯೋಚಿಸಲ್ಲ, ಹೂ ಎಲ್ಲಿ ಬರ್ಬೇಕು ಅನ್ನೋದನ್ನ ಅರ್ಧ ನಿರ್ಧಾರ ಮಾಡೋದೇ ಅದು. ಹೀರೆ ಹಾಗಲಕ್ಕೆ ಸ್ಪ್ರಿಂಗಿನ ಹಾಗೆ ಒಂದು ನುಲಿ ಬರ್ತದಲ್ಲ, ಕ್ಲೆಮ್ಯಾಟಿಸ್‌ಗೆ ಅದಿಲ್ಲ. ಅದು ಹಿಡಿಯೋದು ಎಲೆತೊಟ್ಟಿನಿಂದ. ಮೇ ತಿಂಗಳಲ್ಲಿ ಹತ್ರ ಹೋಗಿ ನೋಡಿ, ಎಲೆ ಇನ್ನೂ ಪೂರ್ತಿ ಬಿಚ್ಚಿರೋದಿಲ್ಲ, ತೊಟ್ಟು ಆಗಲೇ ತಂತಿಗೆ ಒಂದು ಸುತ್ತು ಹಾಕಿ ಬಿಗಿ ಮಾಡಿಕೊಂಡಿರ್ತದೆ, ಆಮೇಲೆ ಅದೇ ತೊಟ್ಟು ಒಣಗಿ ಕಡ್ಡಿ ಹಾಗೆ ಗಟ್ಟಿಯಾಗ್ತದೆ, ಎಳೆದ್ರೂ ಬಿಡೋದಿಲ್ಲ. ಆ ತೊಟ್ಟಿರೋದೇ ಸ್ವಲ್ಪ ಉದ್ದ, 10 ಸೆಂಟಿಮೀಟರ್ ಕಂಬ ಸುತ್ತೋದು ಎಲ್ಲಿಂದ? ಪೆನ್ಸಿಲ್‌ಗಿಂತ ದಪ್ಪ ಇರೋದು ಯಾವುದೂ ಅದಕ್ಕೆ ಆಗೋದಿಲ್ಲ. ಅಂಗಡಿಯ ಮರದ ಟ್ರೆಲಿಸ್ ಪಟ್ಟಿನೂ ಸುಮಾರಾಗಿ ಹೆಚ್ಚೇ ದಪ್ಪ.

ಕಂಬಕ್ಕೆ ಸುತ್ತಲೂ ಕೋಳಿಗೂಡಿನ ತಂತಿ ಬಲೆ ಅಥವಾ ಬಟಾಣಿಗೆ ಕಟ್ಟೋ ನೆಟ್ ಸುತ್ತಿ, ಕಂಬಕ್ಕೆ ಒತ್ತಿ ಅಲ್ಲ, ಒಂದೆರಡು ಬೆರಳು ಸಂದು ಬಿಟ್ಟು, ತೊಟ್ಟು ಹಿಂದಿನಿಂದ ಬಳಸಿ ಬರೋಕೆ ಜಾಗ ಬೇಕು. ಗೋಡೆಗೂ ಅದೇ ಸೂತ್ರ, ಕಣ್ಣಿರೋ ಸ್ಕ್ರೂ ಹಾಕಿ ಗ್ಯಾಲ್ವನೈಸ್ಡ್ ತಂತಿ ಅಡ್ಡಡ್ಡ ಎಳೀರಿ, 30 ಸೆಂಟಿಮೀಟರ್‌ಗೊಂದು ಸಾಲು, ಗೋಡೆಯಿಂದ 5 ಸೆಂಟಿಮೀಟರ್ ಈಚೆ. ಇದನ್ನೆಲ್ಲ ಈಗಲೇ, ಚಿಗುರೋ ಮೊದಲೇ ಮುಗಿಸಿ. ಏಪ್ರಿಲ್ ಬಂದ್ಮೇಲೆ ಕುಡಿ ಓಡೋ ವೇಗಕ್ಕೆ ನಿಮ್ಮ ಕೈ ಸಾಲೋದಿಲ್ಲ, ಒಂದಕ್ಕೊಂದು ಸುತ್ತಿಕೊಂಡು ಗಂಟಾಯ್ತು ಅಂದ್ರೆ ಬಿಡಿಸೋಕೆ ಹೋದ್ರೆ ಲಟಕ್ ಅಂತ ಮುರೀತದೆ, ಅಷ್ಟು ಮೆದು.

ಈಗ ಮುಖ್ಯ ವಿಷಯ. ಕುಡಿನ ನೆಟ್ಟಗೆ ಬಿಡಬೇಡಿ. ನೆಟ್ಟಗೆ ಹೋದ ಕುಡಿ ತುದಿಯಲ್ಲಷ್ಟೇ ಬೆಳೀತದೆ. ಅಡ್ಡಕ್ಕೆ ಮಲಗಿಸಿ ತಂತಿಗೆ ಕಟ್ಟಿದ್ರೆ ಪ್ರತಿ ಗೆಣ್ಣಿಂದಲೂ ಮೇಲಕ್ಕೆ ಒಂದೊಂದು ಕವಲು ಏಳ್ತದೆ, ಅಷ್ಟೂ ಕವಲಿನ ತುದಿಗೆ ಹೂ. ಬೀಸಣಿಗೆ ಬಿಡಿಸಿದ ಹಾಗೆ ಎರಡೂ ಕಡೆ ಹರಡಿ. ಕಂಬಕ್ಕಾದ್ರೆ ಓರೆಯಾಗಿ ಸುತ್ತು ಹಾಕಿಸ್ತಾ ಹೋಗಿ. ಕಟ್ಟೋಕೆ ಸೆಣಬಿನ ದಾರ, ತಂತಿಗೂ ಕಡ್ಡಿಗೂ ಮಧ್ಯ ಒಂದು ತಿರುವು ಕೊಟ್ಟು ಸಡಿಲವಾಗಿ. ನಿಮ್ಮ ಅಮ್ಮನಿಗೆ ಕುರ್ಚಿ ಮೇಲೆ ಕೂತು ನೋಡೋ ಎತ್ತರಕ್ಕೇ ತಂತಿಯ ಮೊದಲ ಎರಡು ಸಾಲು ಹಾಕಿ, ಹೂ ಅಲ್ಲಿಗೇ ಬರ್ತದೆ.

ಡಬ್ಲಿನ್‌ಶಾರದೆ:

ಗುಂಪು 2ರ ಬಗ್ಗೆ ನನ್ನದು ಬೇರೆ ಅಭಿಪ್ರಾಯ. ವರ್ಷವರ್ಷ ಬರೀ ತುದಿ ಸವರ್ತಾ ಹೋದ್ರೆ ಅದೂ ಒಂದಿನ ಮೇಲೆ ಗುಬುರು ಕೆಳಗೆ ಬೋಳು ಆಗುತ್ತೆ. ನಾನು ನನ್ನ ಬಳ್ಳಿಯಲ್ಲಿ ಪ್ರತಿ ವರ್ಷ ಒಂದೆರಡು ಹಳೇ ಕಾಂಡನ ಮೊಣಕಾಲೆತ್ತರಕ್ಕೆ ತೆಗೀತೀನಿ, ಉಳಿದಿದ್ದನ್ನ ಲೀಡ್ಸ್‌ನವರು ಹೇಳಿದ ಹಾಗೆ. ಆಗ ಮೇ ಹೂವೂ ಉಳಿಯುತ್ತೆ, ಕೆಳಗಿಂದ ಹೊಸ ಕಡ್ಡಿನೂ ಬರುತ್ತೆ. ಪೂರ್ತಿ ಕತ್ತರಿಸೋರೂ ಇದ್ದಾರೆ, ಬಳ್ಳಿ ಸಾಯಲ್ಲ, ಮೇ ಹೂ ಹೋಗಿ ಬೇಸಿಗೆ ಕೊನೆಗೆ ಒಂದೇ ಸುತ್ತು ಸಿಗುತ್ತೆ. ಅಮ್ಮ ಬರೋ ವರ್ಷ ಅದು ಬೇಡ.

ಇನ್ನೊಂದು ಎಚ್ಚರಿಕೆ. ದೊಡ್ಡ ಹೂವಿನ ಈ ತಳಿಗಳಿಗೆ ವಿಲ್ಟ್ ಅಂತ ಒಂದು ಬೂಷ್ಟು ರೋಗ ಬರುತ್ತೆ, ಮೊಗ್ಗು ತುಂಬಿರೋ ಕಡ್ಡಿ ನೋಡ್ತಾ ನೋಡ್ತಾ ಜೋತುಬಿದ್ದು ಎಲೆನರ ಕಪ್ಪಾಗುತ್ತೆ. ಗಾಬರಿಯಾಗಿ ಬುಡ ಸಮೇತ ಕಿತ್ತು ಬಿಸಾಕ್ಬೇಡಿ ದಯವಿಟ್ಟು. ಆರೋಗ್ಯವಾಗಿರೋ ಭಾಗ ಸಿಗೋ ತನಕ, ಬೇಕಾದ್ರೆ ನೆಲಮಟ್ಟಕ್ಕೇ ಕತ್ತರಿಸಿ, ಆ ಕಡ್ಡಿನ ಕಾಂಪೋಸ್ಟ್‌ಗೆ ಹಾಕದೇ ಕಸಕ್ಕೆ ಹಾಕಿ, ಎಷ್ಟೋ ಸಲ ಮಣ್ಣಡಿಯಿಂದ ಮತ್ತೆ ಬರುತ್ತೆ. ಹೊಸದಾಗಿ ನೆಡೋರು ದೊಡ್ಡ ಹೂವಿನದ್ದನ್ನ ಕುಂಡದಲ್ಲಿದ್ದಿದ್ದಕ್ಕಿಂತ 5–8 ಸೆಂಟಿಮೀಟರ್ ಆಳ ನೆಡಿ ಅನ್ನೋದು ಇದಕ್ಕೇ.

ಬಸವನಗುಡಿ_ಟೆರೇಸ್:

ಓದಿ ಆಸೆ ಆಯ್ತು. ಬೆಂಗಳೂರಲ್ಲಿ ಬರುತ್ತಾ ಇದು? ಆನ್‌ಲೈನ್‌ನಲ್ಲಿ ಗೆಡ್ಡೆ, ಬೀಜ ಅಂತ ಫೋಟೊ ಹಾಕಿ ಮಾರ್ತಾರೆ.

ಲೀಡ್ಸ್‌ಹಿತ್ತಲು:

ದುಡ್ಡು ಹಾಕ್ಬೇಡಿ ಸರ್. ಈ ಹೈಬ್ರಿಡ್‌ಗಳಿಗೆ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗೋ ಕಾಲ ಬೇಕು, ಬೆಂಗಳೂರಿನ ಡಿಸೆಂಬರ್ ಚಳಿ ಅದಕ್ಕೆ ಸಾಲಲ್ಲ. ತಳಿ ಹೆಸರಿನ ಹೂ ಬೀಜದಿಂದ ಹಾಗೇ ಬರೋದೂ ಇಲ್ಲ. ಚಪ್ಪರ ಇದ್ರೆ ನಮ್ಮ ಪಶ್ಚಿಮ ಘಟ್ಟದ್ದೇ ಥನ್‌ಬರ್ಜಿಯಾ ಮೈಸೂರೆನ್ಸಿಸ್ ಹಾಕಿ, ಹಳದಿ ಕೆಂಪು ಗೊಂಚಲು ಉದ್ದಕ್ಕೆ ಜೋತುಬೀಳುತ್ತೆ, ಸೂರಕ್ಕಿಗಳೂ ಬರ್ತವೆ. ಅದಕ್ಕೆ ತಲೆ ಮೇಲಿನ ಚಪ್ಪರನೇ ಬೇಕು, ಗೋಡೆಗೆ ಹಬ್ಬಿಸಿದ್ರೆ ಗೊಂಚಲು ಕೆಳಗಿಳಿಯಕ್ಕೆ ಜಾಗ ಸಿಗಲ್ಲ.

ರೀಡಿಂಗ್‌ಕನ್ನಡತಿ:

ನಿಮ್ಮೆಲ್ಲರ ಮಾತು ಒಂದು ಹಾಳೆ ಮೇಲೆ ಬರ್ಕೊಂಡೆ. ಶನಿವಾರ ಕಂಬಕ್ಕೆ ಬಲೆ, ಗೋಡೆಗೆ ತಂತಿ, ಆಮೇಲೆ ನೇರಳೆದು ಅರ್ಧ ಕೆಳಗೆ ಅರ್ಧ ಎದೆಮಟ್ಟ. ಬಾಗಿಲ ಪಕ್ಕದ್ರಲ್ಲಿ ಶಾರದೆ ಅವ್ರು ಹೇಳಿದ ಹಾಗೆ ಒಂದೇ ಒಂದು ಹಳೇ ಕಾಂಡ ತೆಗೀತೀನಿ, ಮಿಕ್ಕಿದ್ದು ಮೊಗ್ಗು ನೋಡಿ. ಮೊಂಟಾನಾ ಜೂನ್‌ನಲ್ಲಿ.

ಡಬ್ಲಿನ್‌ಶಾರದೆ:

ಮೊಂಟಾನಾಗೆ ಕೈ ಹಾಕೋ ಮುಂಚೆ ಒಳಗೆ ಹಕ್ಕಿಗೂಡು ಇದೆಯಾ ನೋಡಿ. ಶೆಡ್ ಮೇಲಿನ ದಟ್ಟ ಬಳ್ಳಿ ಅಂದ್ರೆ ಅವಕ್ಕೆ ತುಂಬ ಇಷ್ಟ, ಮರಿ ಇರೋ ಗೂಡು ಕೆಡಿಸೋದು ನಿಮ್ಮಲ್ಲಿ 1981ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಗೂಡಿದ್ರೆ ಮರಿ ಹಾರಿಹೋಗೋ ತನಕ ಕಾಯಿರಿ, ಸ್ವಲ್ಪ ತಡ ಆದ್ರೆ ಬಳ್ಳಿಗೇನೂ ಆಗಲ್ಲ. ಮತ್ತೆ ಶನಿವಾರ ಗ್ಲೌಸ್ ಹಾಕ್ಕೊಂಡೇ ಕೆಲ್ಸ ಮಾಡಿ, ಕ್ಲೆಮ್ಯಾಟಿಸ್ ರಸ ತಾಗಿದ್ರೆ ಕೆಲವರಿಗೆ ಚರ್ಮ ಉರಿಯುತ್ತೆ.