ಹಳೇ ಮನೆ ಜಗಲಿಗೆ ಔಟ್‌ಡೋರ್ ಸ್ಪೀಕರ್ ಹಾಕ್ಬೇಕು, ಗೋಡೆಗಾ ತೊಲೆಗಾ?

ಒಂಟಿಕೊಪ್ಪಲ್ ಮನೆ:
ಎಲ್ರಿಗೂ ನಮಸ್ಕಾರ. ನಮ್ದು ಮೈಸೂರಲ್ಲಿ ತಾತನ ಕಾಲದ ಮನೆ, ಸುಣ್ಣದ ಗಾರೆ ಗೋಡೆ, ಮುಂದೆ ಮಂಗಳೂರು ಹೆಂಚಿನ ಜಗಲಿ. ಅಪ್ಪಂಗೆ ಈಗ 78, ಮಂಡಿ ನೋವಿಂದ ಓಡಾಟ ಕಮ್ಮಿ ಆಗಿ ಬೆಳಿಗ್ಗೆ ಆರಕ್ಕೆ ಬಂದು ಬೆತ್ತದ ಕುರ್ಚೀಲಿ ಕೂತ್ರೆ ತಿಂಡಿ ತನಕ ಜಗಲೀಲೇ, ಸಂಜೆನೂ ಅಲ್ಲೇ. ರೇಡಿಯೋ ಹಾಲ್‌ನಲ್ಲಿದೆ, ಅದನ್ನ ಜೋರಾಗಿಟ್ರೆ ಮನೆಯೆಲ್ಲ ಗಲಾಟೆ, ಅವರಿಗೆ ಮಾತ್ರ ಮಾತು ಸರಿಯಾಗಿ ಕೇಳಲ್ಲ, ಬಾಗಿಲ ಕಡೆ ಕಿವಿ ಕೊಟ್ಟು ಬಗ್ಗಿ ಕೂತಿರ್ತಾರೆ, ನೋಡಕ್ಕಾಗಲ್ಲ. ಅದಕ್ಕೆ ಒಂದು ಜೊತೆ ಔಟ್‌ಡೋರ್ ಸ್ಪೀಕರ್ ತಂದೆ, ಒಂದೊಂದು ಎರಡು ಕೆಜಿ ಹತ್ರ ಇದೆ, 8 ಓಮ್. ಆಂಪ್ಲಿಫೈಯರ್ ಒಳಗೇ ಇರುತ್ತೆ, ವೈರು ಸುಮಾರು 35 ಅಡಿ ಓಡ್ಬೇಕು.

ಮೊನ್ನೆ ಎಲೆಕ್ಟ್ರಿಷಿಯನ್ ಬಂದು ಮೊದಲ್ನೇ ತೂತು ಹಾಕಿದ್ದೇ ತಡ, ಅಂಗೈ ಅಗಲ ಗಾರೆ ಚಕ್ಕೆ ಎದ್ದು ಬಿತ್ತು, ಒಳಗಿಂದ ಇಟ್ಟಿಗೆ ಪುಡಿ ಸುರೀತಾನೇ ಇತ್ತು. ಅಲ್ಲಿಗೇ ನಿಲ್ಸಿಬಿಟ್ಟೆ. ಗೋಡೆಗೆ ಬೇರೆ ದಾರಿ ಇದ್ಯಾ, ಇಲ್ಲ ಜಗಲಿ ತೊಲೆಗೇ ಹಾಕ್ಲಾ? ಪಕ್ಕದ ಮನೇಲಿ ಎಸ್ಸೆಸ್ಸೆಲ್ಸಿ ಓದೋ ಹುಡುಗಿ ಇದ್ದಾಳೆ, ಅವಳಿಗೆ ತೊಂದ್ರೆ ಆಗ್ಬಾರ್ದು ಅನ್ನೋದೂ ತಲೇಲಿದೆ.

ಮಂಡ್ಯದವ:
ಅಣ್ಣ, ಮೊದ್ಲು ಆ ಡ್ರಿಲ್ಲು ಕೆಳಗೆ ಮಡಗ್ಬುಡಿ. ಶಾಮಿಯಾನ, ಸೌಂಡ್ ಸಿಸ್ಟಮ್ ಕೆಲ್ಸದಲ್ಲೇ 20 ವರ್ಸ ಕಳ್ದಿವ್ನಿ. ಸುಣ್ಣದ ಗೋಡೆಗೆ ಕುಟ್ಕಂಡು ಕೊರಿಯೋ ಹ್ಯಾಮರ್ ಡ್ರಿಲ್ಲು ಹಾಕಿದ್ರೆ ಹಂಗೇ ಆಗೋದು, ಗಾರೆ ಮೆತ್ಗಿರ್ತದೆ, ಆ ಹೊಡ್ತ ತಡಿಯಾಕಿಲ್ಲ. ತೊಲೆ ಗಟ್ಟಿಯಾಗಿದ್ರೆ ತೊಲೆಗೇ ಹಾಕಿ, ಸಣ್ಣ ಬಿಟ್‌ನಲ್ಲಿ ಮೊದ್ಲು ಗೈಡ್ ತೂತು ತಗ್ದು ಆಮೇಲೆ ಸ್ಟೇನ್‌ಲೆಸ್ ಸ್ಕ್ರೂ ತಿರುಗಿಸಿ, ಗೈಡ್ ಇಲ್ದೆ ತಿರುಗಿಸಿದ್ರೆ ಹಳೇ ಮರ ಉದ್ದುಕ್ಕೆ ಸೀಳ್ಬುಡ್ತದೆ. ರೀಪಿಗೆ ಮಾತ್ರ ಹಾಕ್ಬ್ಯಾಡಿ, ಅದು ಹೆಂಚು ಹೊರಾಕಷ್ಟೇ ಇರೋದು.

ವೈರು ಒಂದೂವರೆ ಸ್ಕ್ವೇರ್ ಎಂಎಂ ಸಾಕು, 35 ಅಡಿಗೆ 8 ಓಮ್ ಸ್ಪೀಕರ್‌ಗೆ ಏನೂ ತೊಂದ್ರೆ ಇಲ್ಲ. ಕರೆಂಟ್ ವೈರ್ ಓಡೋ ಪೈಪಲ್ಲೇ ಇದ್ನೂ ತೂರ್ಸ್ಬ್ಯಾಡಿ, ಗುಂಯ್ ಅಂತ ಸದ್ದು ಬತ್ತದೆ, ಅಪಾಯನೂ ಹೌದು. ಒಂದು ಸ್ಪೀಕರ್ ಎಡಕ್ಕೆ, ಒಂದು ಬಲಕ್ಕೆ, ಪ್ಲಸ್ ಮೈನಸ್ ಎರಡ್ರಲ್ಲೂ ಒಂದೇ ತರ. ಒಂದ್ರಲ್ಲಿ ಉಲ್ಟಾ ಆದ್ರೆ ಬೇಸ್ ಮಾಯ ಆಯ್ತದೆ, ಜನ ಸ್ಪೀಕರ್ ಸರಿ ಇಲ್ಲ ಅಂತ ವಾಪಸ್ ತಕ್ಕೊಂಡೋಗಿ ಜಗಳ ಆಡ್ತಾರೆ.

ಹಳೇಮನೆ ರಿಪೇರಿ:
ತೊಲೆ ಅನ್ನೋದು ಸರಿ, ಆದ್ರೆ ಮೊದ್ಲು ಸ್ಕ್ರೂಡ್ರೈವರ್ ತುದೀಲಿ ತೊಲೇನ ಅಲ್ಲಲ್ಲಿ ಒತ್ತಿ ನೋಡಿ ಸರ್, ಮುಖ್ಯವಾಗಿ ಗೋಡೆ ಒಳಗೆ ಕೂತಿರೋ ಕಡೆ. ಮೆತ್ತಗೆ ಒಳಕ್ಕೆ ಹೋದ್ರೆ ಗೆದ್ದಲು ಹಿಡಿದಿದೆ ಅಂತ. ನಮ್ಮನೇಲಿ ನೋಡಕ್ಕೆ ಕಬ್ಬಿಣದ ಹಾಗಿದ್ದ ತೊಲೆ ಒಳಗೆಲ್ಲ ಟೊಳ್ಳು, ಫ್ಯಾನ್ ಹುಕ್ ಬಿಗಿಯಕ್ಕೆ ಹೋದಾಗ ಗೊತ್ತಾಗಿದ್ದು, ಪುಣ್ಯಕ್ಕೆ ಯಾರೂ ಕೆಳಗಿರ್ಲಿಲ್ಲ.

ಗೋಡೆಗೇ ಬೇಕು ಅಂದ್ರೆ ಹ್ಯಾಮರ್ ಮೋಡ್ ಆಫ್ ಮಾಡಿ ಬರೀ ತಿರುಗೋ ಡ್ರಿಲ್ಲಲ್ಲಿ ನಿಧಾನಕ್ಕೆ ಹೋಗ್ಬೇಕು. ಗಾರೆ ದಪ್ಪ ದಾಟಿ ಇಟ್ಟಿಗೆ ಒಳಗೆ ಸ್ಕ್ರೂ ಹಿಡಿಯೋ ಪ್ಲಗ್ ಕೂರ್ಬೇಕು, ಗಾರೇಲೇ ನಿಂತ ಪ್ಲಗ್ ಇವತ್ತಲ್ಲ ನಾಳೆ ಕಳಚ್ಕೊಂಡು ಬರುತ್ತೆ. ನಾನು ಮಾಡ್ಸಿದ್ದು ಹೀಗೆ: ಒಂದಡಿ ಉದ್ದದ ತೇಗದ ಪಟ್ಟಿನ ನಾಲ್ಕು ಉದ್ದ ಸ್ಕ್ರೂ ಹಾಕಿ ಗೋಡೆಗೆ ಕೂರ್ಸಿ ಅದರ ಮೇಲೆ ಬ್ರಾಕೆಟ್. ಭಾರ ಹಂಚ್ಕೊಳತ್ತೆ. ಉದುರಿದ ಜಾಗಕ್ಕೆ ಸಿಮೆಂಟ್ ಮೆತ್ತಿಸ್ಬೇಡಿ ದಯವಿಟ್ಟು, ಸುಣ್ಣದ ಗಾರೇನೇ ಹಾಕ್ಸಿ. ಸಿಮೆಂಟ್ ಒಳಗಿನ ತೇವ ಹೊರಗೆ ಬಿಡಲ್ಲ, ಸುತ್ತ ಇರೋ ಹಳೇ ಗಾರೆನೂ ಉಬ್ಬಿ ಎದ್ದು ಬರುತ್ತೆ.

ಇನ್ನೊಂದು, ವೈರು ಒಳಗೆ ಹೋಗೋ ತೂತನ್ನ ಹೊರಗಿಂದ ಒಳಕ್ಕೆ ಸ್ವಲ್ಪ ಮೇಲ್ಮುಖವಾಗಿ ಕೊರೀರಿ, ಆಗ ನೀರು ಹೊರಗಡೆಗೇ ಇಳಿಯುತ್ತೆ. ವೈರನ್ನೂ ತೂತಿಗೆ ಹೋಗೋ ಮುಂಚೆ ಅರ್ಧ ಗೇಣು ಕೆಳಗೆ ಜೋತುಬಿಟ್ಟು ಮತ್ತೆ ಮೇಲಕ್ಕೆ ತಗೊಳ್ಳಿ, ಹನಿ ಅಲ್ಲೇ ತೊಟ್ಟಿಕ್ಕುತ್ತೆ.

ಒಂಟಿಕೊಪ್ಪಲ್ ಮನೆ:
ತುಂಬಾ ಥ್ಯಾಂಕ್ಸ್. ತೊಲೆ ಒತ್ತಿ ನೋಡ್ದೆ, ಗಟ್ಟಿ ಇದೆ. ಜಗಲಿ ಪಶ್ಚಿಮಕ್ಕಿದೆ, ಮಳೆ ಎರಚಲು ಬರುತ್ತೆ, ಧೂಳು ನೀರು ಎಷ್ಟು ತಡೆಯುತ್ತೆ ಅನ್ನೋ ರೇಟಿಂಗ್ ಐಪಿ54 ಅಂತ ಬಾಕ್ಸ್ ಮೇಲಿದೆ, ಪರವಾಗಿಲ್ವಾ? ಸೌಂಡ್ ಎಷ್ಟಿಡಬಹುದು ಅಂತನೂ ಯಾರಾದ್ರೂ ಹೇಳಿ.

ಸದ್ದು ಕಮ್ಮಿ:
ಹೆಂಚಿನ ಕೆಳಗೆ ಎರಚಲಿಗೆ ಐಪಿ54 ಸಾಕು, ನೇರ ಮಳೆಗೆ ಒಡ್ಡೋ ಹಾಗಿದ್ರೆ ಐಪಿ65 ಬೇಕಿತ್ತು. ಮುಖ ಸ್ವಲ್ಪ ಕೆಳಕ್ಕೆ ವಾಲಿಸಿ, ಜಾಲರಿ ಮೇಲೆ ನೀರು ನಿಲ್ಲಲ್ಲ.

ಸೌಂಡ್ ವಿಷಯಕ್ಕೆ, ರಸ್ತೆ ಕಡೆ ಮುಖ ಮಾಡ್ಬೇಡಿ. ಜಗಲಿಯ ಎರಡು ತುದಿಯಿಂದ ಒಳಮುಖವಾಗಿ ನಿಮ್ಮ ತಂದೆ ಕುರ್ಚಿಗೆ ತಿರುಗಿಸಿ, ಕಿವಿಗೆ ಆರೇಳು ಅಡಿ ಇದ್ರೆ ಒಳ್ಳೇದು. ಬಯಲಲ್ಲಿ ದೂರ ಎರಡರಷ್ಟಾದ್ರೆ ಸದ್ದು 6 ಡೆಸಿಬೆಲ್ ಇಳಿಯುತ್ತೆ, ಅಂದ್ರೆ ಹತ್ರ ಇಟ್ಟು ಮೆಲ್ಲಗೆ ಹಾಕಿದ್ರೆ ಅವರಿಗೆ ಸ್ಪಷ್ಟ, ಕಾಂಪೌಂಡ್ ದಾಟೋ ಹೊತ್ತಿಗೆ ಸದ್ದು ಸಣ್ಣಗಾಗಿರುತ್ತೆ. ವಯಸ್ಸಾದವರಿಗೆ ಬೇಸ್ ಕಮ್ಮಿ ಮಾಡಿ ಟ್ರೆಬಲ್ ಸ್ವಲ್ಪ ಏರ್ಸಿ, ಮಾತು ಬಿಡಿಸಿ ಕೇಳುತ್ತೆ, ಗೋಡೆ ದಾಟಿ ಪಕ್ಕದ ಮನೆಗೆ ಹೋಗೋದೂ ಜಾಸ್ತಿ ಬೇಸೇ. 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಅಂತಿದೆ. ಆದ್ರೆ ನಂಬರ್‌ಗಿಂತ ನೀವೇ ಆ ಹುಡುಗಿ ರೂಮಿನ ಕಿಟಕಿ ಹತ್ರ ನಿಂತು ಕೇಳಿ ನೋಡಿ, ಅದನ್ನೂ ಬೆಳಿಗ್ಗೆ ಆರಕ್ಕೇ, ಯಾಕಂದ್ರೆ ಆಗ ಬೀದಿ ನಿಶ್ಶಬ್ದವಾಗಿದ್ದು ಸಣ್ಣ ಸದ್ದೂ ದೊಡ್ಡದಾಗಿ ಕೇಳುತ್ತೆ.

ರೇಡಿಯೋ ಅಂದ್ರಲ್ಲ, ಖುಷಿಯಾಯ್ತು. 1935ರಲ್ಲಿ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಇದೇ ಮೈಸೂರಲ್ಲಿ ತಮ್ಮ ಮನೆಯಿಂದ ಪ್ರಸಾರ ಶುರು ಮಾಡಿದ್ರು, ಆಕಾಶವಾಣಿ ಅನ್ನೋ ಹೆಸರು ಬಳಕೆಗೆ ಬಂದಿದ್ದೂ ಅಲ್ಲಿಂದಲೇ. ನಿಮ್ಮ ತಂದೆಗೆ ಮೈಸೂರು ಆಕಾಶವಾಣಿ ಎಫ್‌ಎಂ 100.6 ಬಗ್ಗದೆ ಕೇಳೋ ಹಾಗಾಗ್ಲಿ.

ಮಂಡ್ಯದವ:
ಒಂದು ಮರ್ತಿದ್ದೆ. ತೂತು ಹೊಡಿಯೋ ಮುಂಚೆ ಎರಡು ಏಣಿ ಮೇಲೆ ಸ್ಪೀಕರ್ ಇಟ್ಕಂಡು ಒಂದಿನ ಬೆಳಿಗ್ಗೆ ಸಂಜೆ ಕೇಳ್ಸಿ, ಅಪ್ಪಾವ್ರೇ ಹಿಂಗ್ ತಿರುಗ್ಸು ಹಂಗ್ ತಿರುಗ್ಸು ಅಂತ ಹೇಳ್ತಾರೆ, ಆಮೇಲೆ ಗುರುತು ಹಾಕ್ಕಳಿ. ಬ್ರಾಕೆಟ್ ಜೊತೆ ಒಂದು ಸಣ್ಣ ಸರಪಳೀನ ಬೇರೆ ಸ್ಕ್ರೂಗೆ ಕಟ್ಟಿ, ಕೆಳಗೆ ವಯಸ್ಸಾದವ್ರು ಕೂರ್ತಾರೆ. ಏಪ್ರಿಲ್ ಮೇನಲ್ಲಿ ಗುಡುಗು ಸಿಡಿಲು ಶುರುವಾದ್ರೆ ಆಂಪ್ಲಿಫೈಯರ್ ಪ್ಲಗ್ ಕಿತ್ತಾಕ್ಬುಡಿ.

ಒಂಟಿಕೊಪ್ಪಲ್ ಮನೆ:
ಇವತ್ತು ಸಂಜೆ ಏಣಿ ಮೇಲಿಟ್ಟು ನೋಡ್ದೆ. ಅಪ್ಪ ಪ್ರದೇಶ ಸಮಾಚಾರ ಪೂರ್ತಿ ಒರಗಿ ಕೂತು ಕೇಳಿದ್ರು. ಬಲಗಡೇದು ಇನ್ನೊಂದಡಿ ಕೆಳಗಿರ್ಲಿ ಅಂದಿದ್ದಾರೆ, ಆ ಕಿವಿ ಸ್ವಲ್ಪ ಮಂದ ಅಂತೆ, ನಂಗೆ ಇವತ್ತೇ ಗೊತ್ತಾಗಿದ್ದು. ತೊಲೆ ಅಷ್ಟು ಕೆಳಗಿಲ್ಲ, ಆ ಕಡೆ ಮರದ ಕಂಬ ಇದೆ, ಅದಕ್ಕೆ ಹಾಕ್ತೀನಿ.