ಮರು: ಬೋರ್ಡಿಗೆ ಪದ ಬೇಕು – ಗುಪ್ತೋಷ್ಣವೋ, ಅಡಗಿದ ಕಾವೋ?

ಮೇಡಂ, ಮಕ್ಕಳಿಗೆ ಮಂಜುಗಡ್ಡೆ ಕರಗಿಸಿ ತೋರಿಸುವ ಪ್ರಯೋಗದ ಬೋರ್ಡಿನಲ್ಲಿ "ಲೇಟೆಂಟ್ ಹೀಟ್"ಗೆ, ಅಂದರೆ ಥರ್ಮಾಮೀಟರ್ ಏರಿಸದೆ ಗಡ್ಡೆ ಕರಗಿಸಲು ಖರ್ಚಾಗುವ ಉಷ್ಣಕ್ಕೆ, ಯಾವ ಕನ್ನಡ ಪದ ಹಾಕಲಿ ಅಂತ ಕೇಳಿದ್ದೀರಿ. ಬೋರ್ಡ್ ನಾಳೆಯೇ ಅಚ್ಚಿಗೆ ಹೋಗಬೇಕು ಅಂದಿದ್ದೀರಿ. ಹಾಗಾಗಿ ಮೊದಲು ಉತ್ತರ, ಜಗಳ ಆಮೇಲೆ. "ಗುಪ್ತೋಷ್ಣ" ಅಂತಲೇ ಹಾಕಿ, ಕೆಳಗೆ ಒಂದು ಸಾಲಿನಲ್ಲಿ ಬಿಡಿಸಿ ಹೇಳಿ. ಆದರೆ ನಿಮ್ಮ ಕರಡಿನ ಎರಡನೇ ಸಾಲಿನಲ್ಲಿ ಟೆಂಪರೇಚರ್ ಅನ್ನುವ ಅರ್ಥಕ್ಕೆ ಹಾಕಿರುವ "ಉಷ್ಣಾಂಶ"ವನ್ನು ದಯವಿಟ್ಟು ತೆಗೆಯಿರಿ. ನಿಜವಾದ ತೊಂದರೆ ಇರುವುದು ಅಲ್ಲಿ. ಇಲ್ಲಿಯವರೆಗೆ ಉತ್ತರ ಕೊಟ್ಟವರು ಯಾರೂ ಅದನ್ನು ಮುಟ್ಟಿಲ್ಲ.

ಮಕ್ಕಳು ಅಲ್ಲಿ ಏನು ನೋಡುತ್ತಾರೆ? ಪಾತ್ರೆಯಲ್ಲಿ ಮಂಜುಗಡ್ಡೆ, ಕೆಳಗೆ ಉರಿ, ಒಳಗೆ ಥರ್ಮಾಮೀಟರ್. ಚೆನ್ನಾಗಿ ಕಲಕುತ್ತಾ ಇದ್ದರೆ, ಕೆಳಗೆ ಎಷ್ಟೇ ಉರಿ ಇದ್ದರೂ ಗಡ್ಡೆ ಪೂರ್ತಿ ಕರಗುವವರೆಗೆ ಥರ್ಮಾಮೀಟರ್ ಸೊನ್ನೆಯ ಹತ್ತಿರವೇ ನಿಲ್ಲುತ್ತದೆ. ಒಂದು ಒಳಗೆ ಹೋಗುತ್ತಲೇ ಇದೆ, ಇನ್ನೊಂದು ಏರುತ್ತಿಲ್ಲ. ಈ ಎರಡಕ್ಕೂ ಬೇರೆ ಬೇರೆ ಹೆಸರು ಇಲ್ಲದಿದ್ದರೆ ಪ್ರಯೋಗ ಮಾಡಿಯೂ ಏನು ಬಂತು? ನಿಮ್ಮ ಕರಡಿನಲ್ಲಿ "ಉಷ್ಣ ಕೊಟ್ಟರೂ ಉಷ್ಣಾಂಶ ಏರುವುದಿಲ್ಲ" ಅಂತಿದೆ. ಏಳನೇ ಕ್ಲಾಸಿನ ಮಗು ಇದನ್ನು ಓದಿದರೆ, ಕೊಟ್ಟಿದ್ದು ಎಲ್ಲಿಗೆ ಹೋಯಿತು, ಇದು ತಪ್ಪು ಅಚ್ಚಾಗಿದೆ ಅಂದುಕೊಳ್ಳುತ್ತದೆ ಅಷ್ಟೇ.

ಅಂಶ ಅಂದರೆ ಡಿಗ್ರಿ, ಅಕ್ಷಾಂಶ ರೇಖಾಂಶ ಇದೆಯಲ್ಲ, ಹಾಗಾಗಿ ಉಷ್ಣಾಂಶ ಸರಿ ಅನ್ನುವ ವಾದ ನನಗೆ ಗೊತ್ತು. ಒಪ್ಪುವುದಿಲ್ಲ. ಇವತ್ತು ಓದುವವರಿಗೆ ಅಂಶ ಅಂದರೆ ಪಾಲು. ತೇವಾಂಶ ಅಂದರೆ ಎಷ್ಟು ತೇವ ಇದೆ ಅಂತ, ಕೊಬ್ಬಿನಂಶ ಅಂದರೆ ಎಷ್ಟು ಕೊಬ್ಬಿದೆ ಅಂತ. ಅದೇ ದಾರಿಯಲ್ಲಿ ಉಷ್ಣಾಂಶ ಅಂದರೆ ಎಷ್ಟು ಉಷ್ಣ ಇದೆ ಅಂತಲೇ ಆಗುತ್ತದೆ, ನಮಗೆ ಬೇಕಾದ ಅರ್ಥಕ್ಕೆ ಪೂರ್ತಿ ಉಲ್ಟಾ. ಒಂದು ಲೋಟ ಕುದಿಯುವ ನೀರು, ಒಂದು ಹಂಡೆ ಕುದಿಯುವ ನೀರು, ಎರಡರ ತಾಪವೂ (ಟೆಂಪರೇಚರ್) ಒಂದೇ. ಆದರೆ ಹಂಡೆ ಕಾಯಿಸಲು ಬೇಕಾಗುವ ಉಷ್ಣ ಎಷ್ಟೋ ಪಟ್ಟು ಜಾಸ್ತಿ. ಹವಾಮಾನ ವರದಿಯಲ್ಲಿ ಪತ್ರಿಕೆಯವರು ಉಷ್ಣಾಂಶ ಬರೆದರೆ ಬರೆಯಲಿ, ಅಲ್ಲಿ ಗೊಂದಲಕ್ಕೆ ಎರಡನೇ ವಸ್ತುವೇ ಇಲ್ಲ. "ಉಷ್ಣತೆ"ಯದ್ದೂ ಇದೇ ಕಥೆ: ಒಬ್ಬರು ಹೀಗೆ, ಇನ್ನೊಬ್ಬರು ಹಾಗೆ ಬಳಸಿ ಅದನ್ನು ಕೆಡಿಸಿಬಿಟ್ಟಿದ್ದಾರೆ. ನೀವು ತಾಪ ಅಂತ ಹಾಕಿ. ಚಿಕ್ಕ ಪದ, ಎಲ್ಲಿಗೂ ಒಗ್ಗುತ್ತದೆ.

ಈಗ ಗುಪ್ತದ ವಿಷಯ. 1760ರ ದಶಕದ ಶುರುವಿನಲ್ಲಿ ಗ್ಲಾಸ್ಗೋದಲ್ಲಿ ಜೋಸೆಫ್ ಬ್ಲ್ಯಾಕ್ ಎಂಬ ವಿಜ್ಞಾನಿ ಈ ಉಷ್ಣವನ್ನು ಅಳೆದಾಗ, ಥರ್ಮಾಮೀಟರಿಗೆ ಕಾಣದೆ ಉಳಿಯುವ ಉಷ್ಣ ಅನ್ನುವ ಅರ್ಥದಲ್ಲಿ ಲೇಟೆಂಟ್, ಅಂದರೆ ಗುಪ್ತ, ಅನ್ನುವ ಹೆಸರು ಬಂತು. ಆಮೇಲೆ ಬಹಳ ಕಾಲ ಉಷ್ಣವನ್ನು ಒಂದು ಹರಿಯುವ ವಸ್ತು ಅಂತಲೇ ನಂಬಿದ್ದರು. ಇವತ್ತಿನ ತಿಳಿವಳಿಕೆಯಲ್ಲಿ ಅಲ್ಲಿ ಏನೂ ಬಚ್ಚಿಟ್ಟುಕೊಂಡಿಲ್ಲ. ಗಡ್ಡೆಯಲ್ಲಿ ಕಣಗಳನ್ನು ಹಿಡಿದಿಟ್ಟ ಕಟ್ಟನ್ನು ಸಡಿಲಿಸಲು ಆ ಶಕ್ತಿ ಖರ್ಚಾಗುತ್ತದೆ. ಸಣ್ಣ ಖರ್ಚೂ ಅಲ್ಲ. ಒಂದು ಗ್ರಾಂ ಮಂಜುಗಡ್ಡೆ ಕರಗಲು ಸುಮಾರು 80 ಕ್ಯಾಲೊರಿ ಬೇಕು. ಅಷ್ಟೇ ಕ್ಯಾಲೊರಿಯನ್ನು ಕರಗಿದ ಆ ನೀರಿಗೆ ಕೊಟ್ಟರೆ ಅದು ಸೊನ್ನೆಯಿಂದ 80 ಡಿಗ್ರಿಗೆ ಹೋಗುತ್ತದೆ! ಕುದಿಯುವ ನೀರು ಆವಿಯಾಗಲು ಗ್ರಾಂಗೆ ಸುಮಾರು 540. ಇಡ್ಲಿ ಪಾತ್ರೆ ಮುಚ್ಚಳ ತೆಗೆದಾಗ ಹಬೆ ತಾಗಿದರೆ ಕುದಿನೀರಿಗಿಂತ ಜಾಸ್ತಿ ಸುಡುವುದು ಇದಕ್ಕೇ, ಹಬೆ ಚರ್ಮದ ಮೇಲೆ ನೀರಾಗುವಾಗ ಅದೆಲ್ಲವನ್ನೂ ಅಲ್ಲೇ ಬಿಟ್ಟುಕೊಡುತ್ತದೆ.

ಹಾಗಾಗಿ ನನ್ನ ಮನಸ್ಸಿಗೆ ಒಪ್ಪುವ ಪದ "ಕರಗಿಸುವ ಕಾವು", "ಆವಿಯಾಗಿಸುವ ಕಾವು". "ಅಡಗಿದ ಕಾವು" ಅಂದವರು ಹಳೆಯ ಗುಪ್ತವನ್ನೇ ಕನ್ನಡಕ್ಕೆ ತಿರುಗಿಸಿದ್ದಾರೆ, ಅದರಿಂದ ಲಾಭ ಇಲ್ಲ. ಆದರೆ ಕಾವು ಅನ್ನುವುದನ್ನು ಆರಿಸಿಕೊಂಡದ್ದು ಸರಿ. ಕಾಯು, ಕಾಯಿಸು, ಕಾವು, ಕಾವಲಿ ಎಲ್ಲ ಒಂದೇ ಮನೆಯವು (ಕಾವಲುಗಾರನ ಕಾಯು ಬೇರೆ, ಅದನ್ನು ಇಲ್ಲಿಗೆ ಎಳೆಯಬೇಡಿ). ಕೋಳಿ ಮೊಟ್ಟೆಗೆ ಕಾವು ಕೊಡುತ್ತದೆ ಅನ್ನುತ್ತೇವೆ. ಕಾವು ಕೊಡುವಂಥದ್ದು, ತೆಗೆದುಕೊಳ್ಳುವಂಥದ್ದು. ಭೌತವಿಜ್ಞಾನದ ಉಷ್ಣವೂ ಹಾಗೇ, ತಾಪ ಜಾಸ್ತಿ ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಸಾಗುವ ಶಕ್ತಿ. ಬಿಸಿ ಅನ್ನುವುದು ವಸ್ತು ಹೇಗಿದೆ ಅಂತ ಹೇಳುತ್ತದೆ. ಈ ಭೇದ ನಮ್ಮ ಮಾತಿನಲ್ಲೇ ಇದೆ, ಪಠ್ಯಪುಸ್ತಕದ ಕನ್ನಡ ಅದನ್ನು ಬಳಸಿಕೊಳ್ಳಲಿಲ್ಲ ಅನ್ನುವುದೇ ನನ್ನ ಸಂಕಟ. ಚುನಾವಣೆ ಕಾವು ಏರಿತು ಅಂತಾರಲ್ಲ ಅನ್ನಬೇಡಿ. ಅದು ಅಲಂಕಾರ.

"ಬಿಸುಪು" ಬೇಡ. ಚೆಂದದ ಹಳೆಯ ಪದ ಹೌದು, ಬಿಸಿ ಬಿಸಿಲುಗಳ ನಂಟು. ಆದರೆ ಅದನ್ನು ಸೂಚಿಸಿದವರು ಅದೇ ಟಪಾಲಿನಲ್ಲಿ ಉಷ್ಣಕ್ಕೂ ತಾಪಕ್ಕೂ ಅದನ್ನೇ ಬಳಸಿದ್ದಾರೆ. ಸಂಸ್ಕೃತ ಓಡಿಸಿದ್ದು ಆಯಿತು, ಗೊಂದಲ ಇದ್ದಲ್ಲೇ ಇದೆ.

ಮಡಕೆಯಲ್ಲಿ ನೀರು ತಣ್ಣಗಾಗುವುದನ್ನು ಹೇಳುವ ಇನ್ನೊಂದು ಬೋರ್ಡಿಗೆ "ಆವೀಕರಣ" ಬೇಡ, ಅರಿಸಮಾಸ (ಕನ್ನಡ ಪದಕ್ಕೆ ಸಂಸ್ಕೃತ ಪದ ಜೋಡಿಸಿದ ಸಮಾಸ) ಅಂತ ಒಬ್ಬರು ಒಂದೇ ಸಾಲು ಬರೆದು ಹೋಗಿದ್ದಾರೆ. ಕುದಿಬಿಂದುವೂ ಅರಿಸಮಾಸವೇ, ಮಳೆಗಾಲವೂ ಅರಿಸಮಾಸವೇ. ಬಿಡುತ್ತೀರಾ? ಹಳೆಯ ವ್ಯಾಕರಣಕಾರರೇ ಬಳಕೆಯಲ್ಲಿ ನಿಂತಿದ್ದಕ್ಕೆ ಒಪ್ಪಿಗೆ ಕೊಟ್ಟಿದ್ದಾರೆ. ನನ್ನ ತಕರಾರು ಬೇರೆ. ಅಲ್ಲಿ "ಆವಿಯಾಗುವುದು" ಅಂದರೆ ಸಾಕು. ಜೊತೆಗೆ "ಆರು" ಅನ್ನುವ ಕ್ರಿಯಾಪದ ನೋಡಿ, ಹಳಗನ್ನಡದ ಱ ಅಕ್ಷರದ (ಶಕಟರೇಫದ) ಆಱು. ಕಾಫಿ ಆರುತ್ತದೆ, ಬಟ್ಟೆಯೂ ಆರುತ್ತದೆ. ತಣ್ಣಗಾಗುವುದಕ್ಕೂ ಒಣಗುವುದಕ್ಕೂ ಒಂದೇ ಪದ. ನಮ್ಮ ಹಿರಿಯರಿಗೆ ಎಲ್ಲ ಗೊತ್ತಿತ್ತು ಅಂತ ನಾನು ಹೇಳುತ್ತಿಲ್ಲ. ಆದರೆ ನೀರು ಆವಿಯಾಗಿ ಹೋಗುವಾಗ ಉಳಿದದ್ದನ್ನು ತಣ್ಣಗೆ ಮಾಡಿ ಹೋಗುತ್ತದೆ ಅಂತ ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಬಾಗಿಲು ಸಿಗುವುದಿಲ್ಲ.

ಕೊನೆಗೆ, ಸುಮ್ನೆ "ಲೇಟೆಂಟ್ ಹೀಟ್" ಅಂತ ಕನ್ನಡ ಅಕ್ಷರದಲ್ಲಿ ಹಾಕಿ ಮುಗಿಸಿ ಅಂದವರಿಗೆ. ವಸ್ತುವಿನ ಹೆಸರು ಎಷ್ಟು ಬೇಕಾದರೂ ತನ್ನಿ. ಥರ್ಮಾಮೀಟರ್ ಇರಲಿ, ಕುಕ್ಕರ್ ಇರಲಿ, ಆ ಬೋರ್ಡಿನಲ್ಲಿ "ಉಷ್ಣತಾಮಾಪಕ" ಅಂತ ಬರೆದರೆ ನಾನೇ ವಿರೋಧಿಸುತ್ತೇನೆ. ಥರ್ಮಾಮೀಟರನ್ನು ಕೈಯಲ್ಲಿ ಹಿಡಿದು ತೋರಿಸಬಹುದು. ಲೇಟೆಂಟ್ ಹೀಟನ್ನು ತೋರಿಸಲು ಆಗುವುದಿಲ್ಲ, ಅಲ್ಲಿ ಮಗುವಿಗೆ ಹಿಡಿಯಲು ಇರುವುದು ಪದ ಒಂದೇ. ಆ ಪದ ಏನನ್ನಾದರೂ ಹೇಳಬೇಕು, ಅಲ್ವಾ?

ಹಾಗಿದ್ದೂ ಗುಪ್ತೋಷ್ಣ ಹಾಕಿ ಅಂದೆ, ಯಾಕೆಂದರೆ ಮಕ್ಕಳ ಪುಸ್ತಕದಲ್ಲೂ ಪರೀಕ್ಷೆಯಲ್ಲೂ ಇರುವುದು ಅದೇ. ಅಚ್ಚಿಗೆ ಇದನ್ನು ಕೊಡಿ:

"ಮಂಜುಗಡ್ಡೆ ಕರಗಿ ಮುಗಿಯುವವರೆಗೆ ತಾಪ 0° ಸೆಲ್ಸಿಯಸ್‌ನಲ್ಲೇ ನಿಲ್ಲುತ್ತದೆ. ನಾವು ಕೊಟ್ಟ ಕಾವೆಲ್ಲ ಕರಗಿಸುವುದಕ್ಕೆ ಖರ್ಚಾಗುತ್ತದೆ. ಈ ಕಾವಿಗೆ ಗುಪ್ತೋಷ್ಣ ಎಂದು ಹೆಸರು."

ಪ್ರೂಫ್ ಬಂದಾಗ ಡಿಗ್ರಿ ಗುರುತನ್ನು ಒಮ್ಮೆ ನೋಡಿಬಿಡಿ. ಫಾಂಟ್ ಬದಲಿಸುವಾಗ ಅದು ಸೊನ್ನೆಯಾಗಿ 00 ಆಗುವುದುಂಟು.