ಹಳೇ ಕಿಟ್ ಕಾರಿಗೆ ಬೇರೆ ಎಂಜಿನ್: ಮೊದಲು ಗೇರ್‌ಬಾಕ್ಸ್ ನೋಡಿ

ಪ್ರಶ್ನೆ (ಲೆಸ್ಟರ್, ಇಂಗ್ಲೆಂಡ್):
ನಮಸ್ಕಾರ ಸರ್. ಹೋದ ವರ್ಷ ಒಂದು ಹಳೇ ಡಟನ್ ಫೇಟನ್ ಕಿಟ್ ಕಾರು ತಗೊಂಡೆ. 80ರ ದಶಕದಲ್ಲಿ ಯಾರೋ ಮನೆಯ ಗ್ಯಾರೇಜಿನಲ್ಲೇ ಫೋರ್ಡ್ ಎಸ್ಕಾರ್ಟ್ ಸಾಮಾನು ಹಾಕಿ ಕಟ್ಟಿದ್ದು. ಫೋರ್ಡಿನದೇ 1600 ಸಿಸಿ ಕ್ರಾಸ್‌ಫ್ಲೋ ಎಂಜಿನ್, ನಾಲ್ಕು ಗೇರ್, ಹಿಂದೆ ಎಸ್ಕಾರ್ಟ್‌ನ 3.89 ಅನುಪಾತದ ಆಕ್ಸಲ್, 185/60 ಆರ್13 ಟಯರ್. ಹಳ್ಳಿ ರಸ್ತೆಯಲ್ಲಿ ಓಡಿಸಲು ತುಂಬಾ ಖುಷಿ. ಆದರೆ ಮೋಟರ್‌ವೇಗೆ ಹೋದರೆ 70 ಮೈಲಿ ವೇಗದಲ್ಲಿ ಎಂಜಿನ್ ಕಿರುಚುತ್ತದೆ, ಪಕ್ಕದಲ್ಲಿ ಕೂತವರ ಮಾತು ಕೇಳುವುದಿಲ್ಲ. ಗೆಳೆಯರೊಬ್ಬರು ಹಳೇ ಫೋರ್ಡ್ ಮೊಂಡಿಯೋದ 2 ಲೀಟರ್ ಜೆಟೆಕ್ ಎಂಜಿನ್ನು, ಅದರ ಐದು ಗೇರಿನ ಡಬ್ಬ ಎರಡನ್ನೂ ಕೊಡ್ತೀನಿ ಅಂದಿದ್ದಾರೆ. ಕೂರುತ್ತಾ? ಏನೇನು ಬದಲಾಗಬೇಕು?

ಉತ್ತರ:
ನಮಸ್ಕಾರ. ಎಂಜಿನ್ ಕೂರುತ್ತದೆ. ಗೇರ್‌ಬಾಕ್ಸ್ ಕೂರುವುದಿಲ್ಲ. ಮೊಂಡಿಯೋ ಮುಂದಿನ ಚಕ್ರ ಎಳೆಯುವ ಕಾರು. ಅದರಲ್ಲಿ ಎಂಜಿನ್ ಅಡ್ಡ ಇರುತ್ತದೆ, ಗೇರ್‌ಬಾಕ್ಸ್ ಒಳಗೇ ಡಿಫರೆನ್ಷಿಯಲ್ (ಎರಡು ಚಕ್ರಕ್ಕೂ ಶಕ್ತಿ ಹಂಚುವ ಗೇರುಗಳು) ಸೇರಿಕೊಂಡಿರುತ್ತದೆ. ನಿಮ್ಮ ಕಾರಿಗೆ ಅದು ಬರುವುದಿಲ್ಲ, ಗೆಳೆಯರಿಗೇ ವಾಪಸ್ ಕೊಡಿ.

ಅದಕ್ಕಿಂತ ಮುಂಚೆ ಒಂದು ಮಾತು. ನಿಮ್ಮ ಕಷ್ಟ ಎಂಜಿನ್ನಿನದಲ್ಲ, ಗೇರಿನದು. ಲೆಕ್ಕ ಹಾಕಿ ನೋಡಿ. ನಿಮ್ಮ ಟಯರ್ ಒಂದು ಸುತ್ತಿಗೆ ಸುಮಾರು 1.73 ಮೀಟರ್ ಓಡುತ್ತದೆ. 70 ಮೈಲಿ ವೇಗದಲ್ಲಿ ಚಕ್ರ ನಿಮಿಷಕ್ಕೆ ಸುಮಾರು 1080 ಸುತ್ತು ತಿರುಗುತ್ತದೆ. ನಾಲ್ಕನೇ ಗೇರ್ ನೇರ ಗೇರ್, ಅದರ ಅನುಪಾತ 1. ಹಾಗಾಗಿ ಆಕ್ಸಲ್‌ನ 3.89ರಿಂದ ಗುಣಿಸಿದರೆ ಎಂಜಿನ್ ಸುಮಾರು 4200 ಸುತ್ತು. ಕಿರುಚದೆ ಇನ್ನೇನು ಮಾಡುತ್ತದೆ? ಅದೇ 0.82 ಅನುಪಾತದ ಐದನೇ ಗೇರ್ ಇದ್ದರೆ ಸುಮಾರು 3450ಕ್ಕೆ ಇಳಿಯುತ್ತದೆ. ಈಗ ಜೆಟೆಕ್ ಹಾಕಿ ಹಳೇ ನಾಲ್ಕು ಗೇರನ್ನೇ ಉಳಿಸಿಕೊಂಡರೆ ಆ ಹೊಸ ಎಂಜಿನ್ನೂ 4200ರಲ್ಲೇ ಕಿರುಚುತ್ತದೆ.

ಅದಕ್ಕೆ ನಾನು ಹೇಳುವುದು, ಮೊದಲು ಫೋರ್ಡ್ ಸಿಯೆರಾದ ಟೈಪ್ 9 ಗೇರ್‌ಬಾಕ್ಸ್ ಹುಡುಕಿ. ಐದು ಗೇರ್, ಹಿಂದಿನ ಚಕ್ರದ ಕಾರಿಗೇ ಮಾಡಿದ್ದು. ಕ್ರಾಸ್‌ಫ್ಲೋಗೆ ಅದನ್ನು ಕೂರಿಸುವ ಅಲ್ಯೂಮಿನಿಯಂ ಬೆಲ್‌ಹೌಸಿಂಗ್ (ಎಂಜಿನ್, ಗೇರ್‌ಬಾಕ್ಸ್ ನಡುವೆ ಕ್ಲಚ್ ಮುಚ್ಚುವ ಗಂಟೆಯಾಕಾರದ ಕವಚ) ಸಿಗುತ್ತದೆ. ಕ್ರಾಸ್‌ಫ್ಲೋ ಮತ್ತು ಜೆಟೆಕ್ ಎರಡರ ಬೆನ್ನಿನಲ್ಲೂ ಬೋಲ್ಟ್ ತೂತುಗಳ ಸಾಲು ಹೆಚ್ಚುಕಮ್ಮಿ ಒಂದೇ. ಹಾಗಾಗಿ ಈ ವರ್ಷ ಗೇರ್‌ಬಾಕ್ಸ್ ಮಾತ್ರ ಬದಲಿಸಿ, ಒಂದು ಬೇಸಿಗೆ ಓಡಿಸಿ. ಆಮೇಲೂ ಇನ್ನೂ ಶಕ್ತಿ ಬೇಕು ಅನ್ನಿಸಿದರೆ ಜೆಟೆಕ್ ಅದೇ ಡಬ್ಬದ ಮುಂದೆ ಬಂದು ಕೂರುತ್ತದೆ. ಮಾಡಿದ ಕೆಲಸ ದಂಡ ಆಗುವುದಿಲ್ಲ.

ಟೈಪ್ 9 ಕೊಳ್ಳುವಾಗ ಇನ್‌ಪುಟ್ ಶಾಫ್ಟ್, ಅಂದರೆ ಡಬ್ಬದ ಮುಂದೆ ಚಾಚಿಕೊಂಡು ಕ್ಲಚ್ಚಿಗೆ ಸೇರುವ ದಂಡ ನೋಡಿ. ನಾಲ್ಕು ಸಿಲಿಂಡರ್ ಕಾರಿನದು ಒಂದು ಉದ್ದ, ವಿ6 (ಆರು ಸಿಲಿಂಡರ್) ಕಾರಿನದು ಅದಕ್ಕಿಂತ ಜಾಸ್ತಿ ಉದ್ದ. ವಿ6ನದ್ದರಲ್ಲಿ ಮೊದಲ ಗೇರ್ 3.36, ನಾಲ್ಕು ಸಿಲಿಂಡರಿನದ್ದರಲ್ಲಿ 3.65. ಹಗುರ ಕಾರಿಗೆ 3.36 ಚೆನ್ನ. 3.65ರಲ್ಲಿ ಕಾರು ಹೊರಟ ತಕ್ಷಣ ಎರಡನೇ ಗೇರ್ ಕೇಳುತ್ತದೆ. ಆದರೆ ಉದ್ದ ಶಾಫ್ಟಿಗೆ ತಕ್ಕ ಬೆಲ್‌ಹೌಸಿಂಗ್ ಅಥವಾ ಸ್ಪೇಸರ್ ಬೇಕು. ಕೊಳ್ಳುವ ಮುಂಚೆಯೇ ಕೇಳಿಕೊಳ್ಳಿ.

ಜೋಡಿಸುವ ದಿನ ಒಂದು ವಿಷಯ ಮರೆಯಬೇಡಿ. ಗೇರ್‌ಬಾಕ್ಸನ್ನು ಎಂಜಿನ್ನಿಗೆ ಸೇರಿಸುವಾಗ ಎರಡು ಮುಖವೂ ಕೈಯಲ್ಲಿ ತಳ್ಳಿದರೇ ಪೂರ್ತಿ ಕೂಡಬೇಕು. ಐದಾರು ಮಿ.ಮೀ. ಸಂದು ಉಳಿದರೆ ಬೋಲ್ಟ್ ಬಿಗಿ ಮಾಡಿ ಎಳೆಯಬೇಡಿ, ಅಲ್ಲೇ ನಿಲ್ಲಿಸಿ. ಕ್ಲಚ್ ಪ್ಲೇಟ್ ನಡುವಿಗೆ ಬಂದಿಲ್ಲ, ಇಲ್ಲವೇ ಶಾಫ್ಟಿನ ಮೂತಿ ಕ್ರ್ಯಾಂಕಿನೊಳಗೆ (ಎಂಜಿನ್ನಿನ ತಿರುಗುವ ಮುಖ್ಯ ದಂಡ) ತಳ ಮುಟ್ಟಿದೆ ಅಂತ ಅರ್ಥ. ಬೋಲ್ಟಿನಲ್ಲಿ ಎಳೆದು ಕೂಡಿಸಿ ಕ್ರ್ಯಾಂಕ್ ಹಿಂದೆ ಮುಂದೆ ಸರಿಯದಂತೆ ತಡೆಯುವ ಥ್ರಸ್ಟ್ ಬೇರಿಂಗ್ ತಿಂದುಹಾಕಿದ ಎಂಜಿನ್ನನ್ನು ನಾನೇ ಬಿಚ್ಚಿದ್ದೇನೆ. ಅರ್ಧಚಂದ್ರದ ಆ ಬಿಲ್ಲೆ ಬ್ಲೇಡಿನಷ್ಟು ತೆಳ್ಳಗಾಗಿತ್ತು. ನೋಡಿ ಹೊಟ್ಟೆ ಉರಿಯಿತು.

ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಗಿಡ್ಡ ಮಾಡಿಸಲೇಬೇಕು, ಟೈಪ್ 9 ನಿಮ್ಮ ಹಳೇ ಡಬ್ಬಕ್ಕಿಂತ ಉದ್ದ. ಕೊಯ್ದು ಬೆಸುಗೆ ಹಾಕಿದ ಮೇಲೆ ಬ್ಯಾಲೆನ್ಸ್ ಮಾಡಿಸಿ. ಎರಡು ತುದಿಯ ಕವಲುಗಳು ಒಂದೇ ಗೆರೆಯಲ್ಲಿರಬೇಕು. ನನ್ನ ಮೊದಲ ಕಾರಿನ ಶಾಫ್ಟನ್ನು ಒಂದು ವರ್ಕ್‌ಶಾಪಿನಲ್ಲಿ ಸ್ವಲ್ಪ ತಿರುಚಿ ಬೆಸೆದುಕೊಟ್ಟಿದ್ದರು. 50 ಮೈಲಿ ದಾಟಿದರೆ ಸಾಕು, ಸೀಟಿನ ಕೆಳಗೆ ಜೇನುಗೂಡು ಇಟ್ಟ ಹಾಗೆ ಗುಂಯ್‌ಗುಡುತ್ತಿತ್ತು. ಟಯರ್ ಬದಲಿಸಿದೆ, ಬೇರಿಂಗ್ ಬದಲಿಸಿದೆ. ಎರಡು ತಿಂಗಳಾದ ಮೇಲೆ ಶಾಫ್ಟ್ ಬಿಚ್ಚಿ ಚಪ್ಪಟೆ ಮೇಜಿನ ಮೇಲೆ ಇಟ್ಟಾಗ ಗೊತ್ತಾಯಿತು.

ಇನ್ನೊಂದು. ಫ್ಯಾಕ್ಟರಿಯಿಂದ ಬಂದ ಟೈಪ್ 9ಗೆ ಎಣ್ಣೆ ಇಳಿಸುವ ಪ್ಲಗ್ ಇಲ್ಲ, ಪಕ್ಕದಲ್ಲಿ ತುಂಬುವ ಪ್ಲಗ್ ಮಾತ್ರ. ಕಾರಿಗೆ ಹಾಕುವ ಮುಂಚೆ, ಮೇಜಿನ ಮೇಲಿರುವಾಗಲೇ ಹಳೇ ಎಣ್ಣೆ ಬಸಿದು ಹೊಸದು ತುಂಬಿ. ಆಮೇಲೆ ಇಕ್ಕಟ್ಟಾದ ಟನಲ್ (ಸೀಟುಗಳ ನಡುವೆ ಗೇರ್‌ಬಾಕ್ಸ್ ಮುಚ್ಚುವ ಗೂಡು) ಒಳಗೆ ಕೈ ಹಾಕುವುದು ತುಂಬಾ ಕಷ್ಟ.

ಮತ್ತೆ ಪ್ರಶ್ನೆ (ಅವರೇ):
ಸರ್, ಲೆಕ್ಕ ನೋಡಿ ಕಣ್ಣು ತೆರೆಯಿತು. ಗೇರ್‌ಬಾಕ್ಸ್ ಮೊದಲು ಅಂತ ತೀರ್ಮಾನ ಮಾಡಿದೆ. ಆದರೂ ಮುಂದಿನ ವರ್ಷ ಜೆಟೆಕ್ ಹಾಕುವ ಆಸೆ ಹೋಗಿಲ್ಲ. ಆಗ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೇನೆ, ಮೊದಲೇ ಹೇಳಿಬಿಡಿ.

ಉತ್ತರ:
ಆಸೆ ಒಳ್ಳೆಯದೇ. ಜೆಟೆಕ್ ಗಟ್ಟಿ ಎಂಜಿನ್, 16 ವಾಲ್ವ್. ಶಕ್ತಿ ಸುಮಾರು 130 ಕುದುರೆ, ಅಂದರೆ ಕ್ರಾಸ್‌ಫ್ಲೋದ ಒಂದೂವರೆ ಪಟ್ಟು.

ಮೊದಲ ಅಡ್ಡಿ ಎಂಜಿನ್ ತಂಪು ಮಾಡುವ ನೀರು. ಅಡ್ಡ ಇದ್ದ ಎಂಜಿನ್ನನ್ನು ಉದ್ದಕ್ಕೆ ತಿರುಗಿಸಿದಾಗ ಥರ್ಮೋಸ್ಟಾಟ್ ಮನೆ ಹಿಂದಕ್ಕೆ ಬರುತ್ತದೆ, ಕಾಲಿನ ಮುಂದಿನ ತಗಡಿಗೇ ತಾಗುತ್ತದೆ. ಇಗ್ನಿಷನ್ ಕಾಯಿಲ್ ಕೂಡ ಅದೇ ತುದಿಯಲ್ಲಿದೆ. ನೀರನ್ನು ಮುಂದಕ್ಕೆ ತರುವ ಪೈಪ್ ಮಾಡಿಸಿ ಕಾಯಿಲ್ ಬೇರೆ ಕಡೆ ಹಾಕಬೇಕು. ಎರಡನೆಯದು ಸಂಪ್, ಎಂಜಿನ್ನಿನ ತಳದ ಎಣ್ಣೆ ತೊಟ್ಟಿ. ಮೊಂಡಿಯೋ ಸಂಪ್ ಆಳ ಜಾಸ್ತಿ, ನಿಮ್ಮ ಕಾರು ನೆಲಕ್ಕೆ ಹತ್ತಿರ. ರಸ್ತೆ ಉಬ್ಬಿಗೆ ಮೊದಲು ಬಡಿಯುವುದು ಅದೇ. ಗಿಡ್ಡ ಸಂಪ್ ಕೊಳ್ಳಿ, ಒಳಗೆ ತಡೆ ತಗಡು ಇರುವಂಥದ್ದೇ ಬೇಕು. ಇಲ್ಲದಿದ್ದರೆ ತಿರುವಿನಲ್ಲಿ ಎಣ್ಣೆ ಪಕ್ಕಕ್ಕೆ ಸರಿದು ಪಂಪ್ ಗಾಳಿ ಎಳೆಯುತ್ತದೆ.

ಇಂಜೆಕ್ಷನ್ ಇಟ್ಟುಕೊಂಡರೆ ಪೆಟ್ರೋಲ್ ಲೈನು ಪೂರ್ತಿ ಬದಲಾಗಬೇಕು. ಕಾರ್ಬ್ಯುರೇಟರಿಗೆ 0.2 ಬಾರ್ ಒತ್ತಡ ಸಾಕಿತ್ತು, ಇಂಜೆಕ್ಷನ್ನಿಗೆ ಸುಮಾರು 3 ಬಾರ್. ಹಳೇ ರಬ್ಬರ್ ಪೈಪು, ಸಾದಾ ಕ್ಲಿಪ್ ಇದನ್ನು ತಡೆಯುವುದಿಲ್ಲ. ಬಿಸಿ ಎಕ್ಸಾಸ್ಟ್ ಪಕ್ಕದಲ್ಲಿ ಪೆಟ್ರೋಲ್ ಚಿಮ್ಮಿದರೆ ಫೈಬರ್‌ಗ್ಲಾಸ್ ಮೈ ಹತ್ತಿ ಉರಿಯುತ್ತದೆ. ದಯವಿಟ್ಟು ಇಲ್ಲಿ ದುಡ್ಡು ಉಳಿಸಬೇಡಿ.

ಜೆಟೆಕ್ ಮುಂದಿನ ಚಕ್ರದ ಕಾರಿನಿಂದ ಬಂದದ್ದು. ಕ್ರ್ಯಾಂಕಿನ ಹಿಂದಿನ ತುದಿಯಲ್ಲಿ ಸ್ಪಿಗಟ್ ಬೇರಿಂಗ್ ಇರುವುದಿಲ್ಲ. ಟೈಪ್ 9ನ ಶಾಫ್ಟಿನ ಮೂತಿಗೆ ಅದೇ ಆಸರೆ. ಚಿಕ್ಕ ಸಾಮಾನು, ಆದರೆ ಹಾಕದೆ ಹೋದರೆ ಇಡೀ ಡಬ್ಬ ಮತ್ತೆ ಇಳಿಸಬೇಕು. ಫ್ಲೈವೀಲ್ ಬದಲಿಸುವುದಾದರೆ ಹೊಸದರಲ್ಲಿ 36ರಲ್ಲಿ ಒಂದು ಹಲ್ಲು ಬಿಟ್ಟ ಗುರುತು ಇದೆಯೇ ನೋಡಿ. ಕ್ರ್ಯಾಂಕ್ ಎಲ್ಲಿದೆ ಅಂತ ಕಂಪ್ಯೂಟರಿಗೆ ಗೊತ್ತಾಗುವುದು ಆ ಬಿಟ್ಟ ಹಲ್ಲಿನಿಂದಲೇ.

ಎಂಜಿನ್ ನಂಬರ್, ಸಿಸಿ ಎರಡೂ ಬದಲಾಗುತ್ತವೆ. ಡಿವಿಎಲ್‌ಎಗೆ (ಅಲ್ಲಿನ ವಾಹನ ನೋಂದಣಿ ಇಲಾಖೆ) ತಿಳಿಸಿ ವಿ5ಸಿ ನೋಂದಣಿ ಪತ್ರ ತಿದ್ದಿಸಿ, ಇನ್ಶೂರೆನ್ಸಿನವರಿಗೂ ಹೇಳಿ. ಬ್ರೇಕ್ ಕೂಡ ನೋಡಿಸಿ, 130 ಕುದುರೆಗೆ ಹಳೇ ಎಸ್ಕಾರ್ಟ್ ಬ್ರೇಕ್ ನನಗೆ ಧೈರ್ಯ ಕೊಡುವುದಿಲ್ಲ.

ಇನ್ನೊಬ್ಬರ ಪ್ರಶ್ನೆ (ರೆಡಿಂಗ್):
ಜೆಟೆಕ್ ಬದಲು ಮಜ್ದಾ ಎಂಎಕ್ಸ್-5 ಎಂಜಿನ್, ಗೇರ್‌ಬಾಕ್ಸ್ ಜೋಡಿಯಾಗಿ ಹಾಕಿದರೆ ಸುಲಭ ಅಲ್ವಾ ಸರ್?

ಉತ್ತರ:
ಸೊನ್ನೆಯಿಂದ ಶುರು ಮಾಡುವವರಿಗೆ ನಾನೂ ಅದನ್ನೇ ಹೇಳುತ್ತೇನೆ. 1989ರಿಂದ ಬಂದ ಆ ಕಾರಿನಲ್ಲಿ ಎಂಜಿನ್ ಉದ್ದಕ್ಕೇ ಇದೆ, ಐದು ಗೇರಿನ ಡಬ್ಬ ಹಿಂದೆಯೇ ಅಂಟಿಕೊಂಡಿದೆ. ಬೆಲ್‌ಹೌಸಿಂಗ್, ಕ್ಲಚ್, ಸ್ಪಿಗಟ್ ಯಾವುದರ ತಲೆನೋವೂ ಇಲ್ಲ. ಬಾಗಿಲ ಕೆಳಗಿನ ಸಿಲ್ ತುಕ್ಕು ಹಿಡಿದು ಗುಜರಿಗೆ ಹೋಗುವ ಕಾರಿನಲ್ಲೂ ಎಂಜಿನ್ ಚೆನ್ನಾಗಿರುತ್ತದೆ. ಮೊದಲ ಗೇರ್ ಕೂಡ 3.14, ಹಗುರ ಕಾರಿಗೆ ಹೇಳಿ ಮಾಡಿಸಿದ ಹಾಗಿದೆ.

ಒಂದೇ ತೊಡಕು. ಎಂಎಕ್ಸ್-5ನಲ್ಲಿ ಗೇರ್‌ಬಾಕ್ಸಿನ ಹಿಂಭಾಗ ಸಾಮಾನ್ಯ ಮೌಂಟ್ ಮೇಲೆ ಕೂರುವುದಿಲ್ಲ. ಡಬ್ಬದಿಂದ ಡಿಫರೆನ್ಷಿಯಲ್‌ವರೆಗೆ ಒಂದು ಉದ್ದ ಅಲ್ಯೂಮಿನಿಯಂ ತೊಲೆ ಅದನ್ನು ಹಿಡಿದಿರುತ್ತದೆ. ಎಸ್ಕಾರ್ಟ್ ಆಕ್ಸಲ್ ಮೇಲೆ ಕೆಳಗೆ ಆಡುತ್ತಿರುತ್ತದೆ, ಅದಕ್ಕೆ ಆ ತೊಲೆ ಕಟ್ಟಲು ಆಗುವುದಿಲ್ಲ. ಗೇರ್‌ಬಾಕ್ಸಿಗೆ ಬೇರೆ ಬ್ರಾಕೆಟ್, ರಬ್ಬರ್ ಮೌಂಟ್ ಮಾಡಿಸಲೇಬೇಕು.

ಇನ್ನೊಬ್ಬರ ಪ್ರಶ್ನೆ (ಬೆಂಗಳೂರು):
ನಮ್ಮಲ್ಲಿ ಹೀಗೆ ಮಾಡಬಹುದಾ? ಅಪ್ಪನ ಹಳೇ ಪದ್ಮಿನಿ ಕಾರು ಸುಮ್ನೆ ನಿಂತಿದೆ.

ಉತ್ತರ:
ಇಂಗ್ಲೆಂಡಿನ ಹಾಗೆ ಮನೆಯಲ್ಲೇ ಮಾಡಿ ಆಮೇಲೆ ಪತ್ರ ತಿದ್ದಿಸಲು ಬರುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಸ್ಪ್ಯಾನರ್ ಹಿಡಿಯುವ ಮುಂಚೆ ಆರ್‌ಟಿಓ ಅನುಮತಿ ಬೇಕು. ಅಪ್ಪನ ಪದ್ಮಿನಿಯ ಎಂಜಿನ್ನನ್ನೇ ಬಿಚ್ಚಿ ಸರಿ ಮಾಡಿಸಿ. ಅದು ಆ ಕಾರಿನ ಜೊತೆ ಇರಲಿ ಅಂತ ನನ್ನ ಆಸೆ.

ಮತ್ತೆ ಲೆಸ್ಟರ್‌ನಿಂದ:
ಸರ್, ಇವತ್ತು ರಟ್ಟಿನಲ್ಲಿ ಟೈಪ್ 9ನ ಆಕಾರ ಕತ್ತರಿಸಿ ಟನಲ್ ಒಳಗೆ ಇಟ್ಟು ನೋಡಿದೆ. ಅಗಲ ಸಾಕು. ಗೇರ್ ಲಿವರ್ ಮಾತ್ರ ಈಗಿರುವ ತೂತಿಗಿಂತ ಹಿಂದೆ ಬರುತ್ತದೆ.

ಉತ್ತರ:
ರಟ್ಟಿನಲ್ಲಿ ನೋಡಿದ್ದು ತುಂಬಾ ಒಳ್ಳೆಯ ಕೆಲಸ. ಈ ಕಾರುಗಳನ್ನು ಒಬ್ಬೊಬ್ಬರು ಒಂದೊಂದು ಥರ ಕಟ್ಟಿದ್ದಾರೆ, ಬೇರೆಯವರ ಅಳತೆ ನಿಮಗೆ ಆಗುವುದಿಲ್ಲ. ಲಿವರನ್ನು ಮುಂದಕ್ಕೆ ಬಾಗಿಸಿಕೊಳ್ಳಬಹುದು. ಈಗ ಸೀಟಿನಲ್ಲಿ ಕೂತು, ಎರಡನೇ ಗೇರಿಗೆ ಎಳೆದಾಗ ಲಿವರಿನ ಗುಂಡು ಎಲ್ಲಿಗೆ ಬರುತ್ತದೋ ಅಲ್ಲಿ ಕೈ ಇಡಿ. ಮೊಣಕೈ ಹಿಂದೆ ತಾಗುತ್ತದೆಯಾ, ಹ್ಯಾಂಡ್‌ಬ್ರೇಕ್ ಎತ್ತಿದರೆ ಬೆರಳಿಗೆ ಹೊಡೆಯುತ್ತದೆಯಾ ನೋಡಿ, ಫೋಟೋ ಹಾಕಿ. ಅದನ್ನು ನೋಡಿದ ಮೇಲೆ ಟನಲ್ ಎಲ್ಲಿ ಕೊಯ್ಯಬೇಕು ಅಂತ ಹೇಳುತ್ತೇನೆ. ಅಲ್ಲಿಯವರೆಗೆ ಗ್ರೈಂಡರ್ ಮುಟ್ಟಬೇಡಿ.